ಊರಿನ ಕಲ್ಲು ಊರಲ್ಲೇ ಉಳಿಯಲಿ: ಇತಿಹಾಸ ಬಳಗ ಕಟ್ಟುವುದು ಹೀಗೆ

ಕೆರೆ ಏರಿಯ ಮೇಲೊಂದು ವೀರಗಲ್ಲು. ಗುಡಿಯ ಹಿಂದೆ ಅರ್ಧ ಹೂತುಹೋದ ಶಾಸನ. ಹೊಲದ ಬದುವಿಗೆ ಒರಗಿ ನಿಂತ ಮಾಸ್ತಿಕಲ್ಲು, ಅಂದರೆ ಸತಿ ಹೋದ ಹೆಣ್ಣಿನ ನೆನಪಿನ ಕಲ್ಲು. ಇಂಥ ಕಲ್ಲುಗಳು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟಿವೆ. ರಸ್ತೆ ಅಗಲ ಮಾಡುವಾಗಲೋ ಗುಡಿ ಜೀರ್ಣೋದ್ಧಾರ ನಡೆಯುವಾಗಲೋ ಕಾಣೆಯಾಗುವುದೂ ಇವೇ. ಹೆಚ್ಚಿನ ಸಲ ಯಾರೂ ಕದ್ದಿರುವುದಿಲ್ಲ. ಅದು ಏನೆಂದು ಗೊತ್ತಿದ್ದವರು ಆ ಹೊತ್ತಿಗೆ ಅಲ್ಲಿರುವುದಿಲ್ಲ, ಅಷ್ಟೇ. ಆ ಕೊರತೆ ತುಂಬಲು ಊರಿನವರದೇ ಒಂದು ಸಣ್ಣ ಇತಿಹಾಸ ಬಳಗ ಸಾಕು.

ಐದಾರು ಜನರಿಂದ ಶುರು ಮಾಡಿ. ಒಬ್ಬರು ಮೇಷ್ಟ್ರು, ಚೆನ್ನಾಗಿ ಫೋಟೊ ತೆಗೆಯುವ ಒಬ್ಬ ಹುಡುಗಿ, ಪಂಚಾಯಿತಿಯಲ್ಲಿ ಮಾತು ನಡೆಯುವ ಒಬ್ಬರು ಇರಲಿ. ದನ, ಕುರಿ ಮೇಯಿಸುವವರನ್ನು ಮಾತ್ರ ಬಿಡಬೇಡಿ. ಯಾವ ಪೊದೆಯ ಹಿಂದೆ ಯಾವ ಕಲ್ಲಿದೆ ಎಂದು ಅವರಷ್ಟು ಬಲ್ಲವರು ಇನ್ನಿಲ್ಲ. ನೋಂದಣಿಗೆ ಅವಸರ ಬೇಡ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಲು ಏಳು ಜನ ಬೇಕು. ಚಂದಾ ಎತ್ತುವ ಕಾಲ ಬಂದಾಗ ಮಾಡಿಸಿದರಾಯಿತು.

ಹೊರಡುವ ಮೊದಲು ಪುಸ್ತಕ ನೋಡಿ. ಮೈಸೂರು ಸಂಸ್ಥಾನದಲ್ಲಿ 1885ರಲ್ಲಿ ಪುರಾತತ್ವ ಇಲಾಖೆ ಶುರುವಾಯಿತು. ಅದರ ಮುಖ್ಯಸ್ಥರಾಗಿದ್ದ ಬಿ.ಎಲ್. ರೈಸ್ ಅವರು ಊರೂರಿನ ಶಾಸನಗಳನ್ನು ಓದಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ತಂದರು. ಹಳೇ ಮೈಸೂರು ಮತ್ತು ಕೊಡಗಿನವರು ಇದರಲ್ಲಿ ತಾಲ್ಲೂಕಿನ ಹೆಸರು ಹಿಡಿದು ತಮ್ಮ ಊರನ್ನು ಹುಡುಕಬಹುದು. ಹಳೆಯ ಸಂಪುಟಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಕಿತ್ತೂರು ಕರ್ನಾಟಕದ (ಹಿಂದಿನ ಮುಂಬೈ ಕರ್ನಾಟಕ) ಜಿಲ್ಲೆಗಳವರಿಗೆ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಸರಣಿಯ ಬಾಂಬೆ-ಕರ್ನಾಟಕ ಸಂಪುಟಗಳಿವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಜಿಲ್ಲಾವಾರು ಶಾಸನ ಸಂಪುಟಗಳನ್ನು ಪ್ರಕಟಿಸಿದೆ.

ರೈಸ್ ಅವರ ಪುಸ್ತಕದಲ್ಲಿ ಕಲ್ಲು ಎಲ್ಲಿತ್ತು ಎಂಬ ಒಂದು ಸಾಲು ಇರುತ್ತದೆ. ಗುಡಿಯ ಮುಂದೆ, ಕೆರೆ ತೂಬಿನ ಬಳಿ, ಇಲ್ಲವೇ ಇಂಥವರ ಹೊಲದಲ್ಲಿ ಎಂದು. ಆ ಸಾಲನ್ನು ಊರಿನ ಹಿರಿಯರ ಮುಂದೆ ಓದಿ. ನೂರು ವರ್ಷ ಹಳೆಯ ಹೆಸರಾದರೂ ‘ಅದು ಈಗ ಇಂಥವರ ಗದ್ದೆ’ ಎನ್ನುವವರು ಸಿಕ್ಕೇ ಸಿಗುತ್ತಾರೆ. ಪ್ರತಿ ಕಲ್ಲಿನ ಮುಂದೆ ಇದೆ, ಇಲ್ಲ, ಹೊಸದಾಗಿ ಸಿಕ್ಕಿದ್ದು ಎಂದು ಬರೆಯುತ್ತಾ ಹೋದರೆ ನಿಮ್ಮ ಮೊದಲ ಪಟ್ಟಿ ಸಿದ್ಧವಾಗುತ್ತದೆ.

ಈಗ ಕಲ್ಲಿನ ಹತ್ತಿರ ಹೋಗಿ. ಜಮೀನಿನವರ ಒಪ್ಪಿಗೆ ಕೇಳಿ. ಎತ್ತರ, ಅಗಲ, ದಪ್ಪ ಅಳೆಯಿರಿ. ಮುಖ ಯಾವ ದಿಕ್ಕಿಗಿದೆ, ಜನ ಅದನ್ನು ಏನೆಂದು ಕರೆಯುತ್ತಾರೆ ಎಂಬುದನ್ನೂ ಬರೆಯಿರಿ. ಮೊಬೈಲಿನಲ್ಲಿ ಜಿಪಿಎಸ್ ಗುರುತು ಹಾಕಿ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ ನಡೆದಿರುತ್ತದೆ. ಪಕ್ಕದಲ್ಲಿ ದನಗಳಿದ್ದರೆ ಅದು ತುರುಗೊಳ್, ಅಂದರೆ ದನ ಸೂರೆಯ ಕಾಳಗದ ಕಲ್ಲು; ಹೆಚ್ಚಾಗಿ ದನ ಬಿಡಿಸಿಕೊಳ್ಳಲು ಹೋಗಿ ಸತ್ತವನದು. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ. ಮೇಲೆ ಅವನು ಸಾಮಾನ್ಯವಾಗಿ ಲಿಂಗದ ಮುಂದೆ ಕೂತಿರುತ್ತಾನೆ. ಪಟ್ಟಿಗಳ ನಡುವಿನ ಏಣಿನ ಮೇಲೆ ಬೆರಳು ಆಡಿಸಿ, ಅಕ್ಷರ ಅಲ್ಲೇ ಅಡಗಿರುವುದು ಜಾಸ್ತಿ. ಬಳೆ ತೊಟ್ಟ ಒಂದೇ ತೋಳು ಮೇಲೆತ್ತಿದ ಹಾಗೆ ಕಂಡರೆ ಅದು ಮಾಸ್ತಿಕಲ್ಲು.

ಸವೆದ ಅಕ್ಷರ ನಡುಮಧ್ಯಾಹ್ನದ ಬಿಸಿಲಿನಲ್ಲಿ ಕಾಣುವುದಿಲ್ಲ. ಕತ್ತಲಾದ ಮೇಲೆ ಹೋಗಿ. ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಹೆಚ್ಚುಕಮ್ಮಿ ಅದಕ್ಕೆ ಅಂಟಿದ ಹಾಗೆ ಹಿಡಿಯಿರಿ. ತಗ್ಗಿನಲ್ಲೆಲ್ಲ ನೆರಳು ತುಂಬಿಕೊಂಡು ಸಾಲುಗಳು ಎದ್ದು ಬರುತ್ತವೆ. ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ ಒಂದು ಫೋಟೊ ತೆಗೆಯಿರಿ. ಪಕ್ಕದಲ್ಲೊಂದು ಸ್ಕೇಲ್ ಇರಲಿ.

ಅಕ್ಷರ ಕಾಣಲಿ ಎಂದು ಸೀಮೆಸುಣ್ಣ ಉಜ್ಜುವುದು, ಹಿಟ್ಟು ಬಳಿಯುವುದು ಬೇಡ. ಆ್ಯಸಿಡ್, ತಂತಿ ಬ್ರಷ್ ಅಂತೂ ಮುಟ್ಟಲೇಬಾರದು. ಜೀರ್ಣೋದ್ಧಾರದ ಹೆಸರಲ್ಲಿ ಬಳಿಯುವ ಎನಾಮೆಲ್ ಪೇಂಟ್ ಎಷ್ಟೋ ಶಾಸನಗಳನ್ನು ನುಂಗಿದೆ, ಇದನ್ನು ಗುಡಿ ಕಮಿಟಿಯವರಿಗೆ ಮೊದಲೇ ಹೇಳಿ. ಕಾಗದ ಒತ್ತಿ ಅಚ್ಚು ತೆಗೆಯುವ ಕೆಲಸ ಪಳಗಿದವರಿಗೇ ಇರಲಿ. ಪೂಜೆ ನಡೆಯುವ ಕಲ್ಲಾದರೆ ಎಣ್ಣೆ, ಕುಂಕುಮದ ವಿಷಯಕ್ಕೆ ಜಗಳ ತೆಗೆಯಬೇಡಿ. ಪೂಜೆ ಇದ್ದದ್ದಕ್ಕೇ ಉಳಿದ ಕಲ್ಲುಗಳು ಬಹಳ. ಪೂಜಾರಿಯವರನ್ನೇ ಬಳಗಕ್ಕೆ ಸೇರಿಸಿಕೊಳ್ಳಿ.

ಕಲ್ಲನ್ನು ಸುಮ್ನೆ ಎತ್ತಿ ಬೇರೆ ಕಡೆ ಇಡಬೇಡಿ. ಕೆರೆಗೆ ಕೊಟ್ಟ ದಾನದ ಶಾಸನ ಕೆರೆಯ ಪಕ್ಕದಲ್ಲಿದ್ದರೆ ತಾನೇ ಅರ್ಥ? ಕಾಮಗಾರಿಯಿಂದ ಅಪಾಯವಿದ್ದರೆ ಪಿಡಿಒ, ತಹಶೀಲ್ದಾರ್ ಮತ್ತು ಮೈಸೂರಿನಲ್ಲಿರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಫೋಟೊ ಸಮೇತ ಪತ್ರ ಬರೆಯಿರಿ. ನೂರು ವರ್ಷ ದಾಟಿದ ಶಿಲ್ಪ, ಶಾಸನಗಳು 1972ರ ಪುರಾವಸ್ತು ಕಾಯ್ದೆಗೆ ಒಳಪಡುತ್ತವೆ ಎಂಬುದನ್ನು ಪತ್ರದಲ್ಲಿ ನೆನಪಿಸಿ.

ಜನರ ಕೈಲಿ ಇದೆಲ್ಲ ಆಗುತ್ತದಾ ಎಂದರೆ, ಆಗಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿಟ್ಟಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದು, ಗಂಗರ ದೊರೆ ಶ್ರೀಪುರುಷನ ಕಾಲದ್ದು. ಆಸಕ್ತರು ಮುಂದೆ ಬಂದದ್ದರಿಂದ ಅದಕ್ಕೀಗ ಹೆಬ್ಬಾಳದಲ್ಲೇ ಒಂದು ಮಂಟಪವಿದೆ. 1909ರಲ್ಲಿ ಹುಟ್ಟಿದ ಇತಿಹಾಸ ಸಂಸ್ಥೆ ಮಿಥಿಕ್ ಸೊಸೈಟಿ ಬೆಂಗಳೂರು ಸುತ್ತಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದೆ. ಸ್ಕ್ಯಾನ್ ಆದ ಅಕ್ಷರ ಕಲ್ಲು ಸವೆದರೂ ಓದಲು ಸಿಗುತ್ತದೆ.

ಸಿಕ್ಕಿದ್ದನ್ನು ಊರಿಗೆ ಹೇಳುವುದು ಕೊನೆಯ ಕೆಲಸ, ನನ್ನ ಮಟ್ಟಿಗೆ ದೊಡ್ಡ ಕೆಲಸವೂ ಅದೇ. ಕಲ್ಲಿನ ಪಕ್ಕ ಒಂದು ಬೋರ್ಡ್ ಹಾಕಿ. ರಾಜನ ಬಿರುದುಗಳನ್ನೆಲ್ಲ ತುಂಬಬೇಡಿ. ಸತ್ತವನ ಹೆಸರು, ಯಾಕೆ ಸತ್ತ, ಯಾವ ಕಾಲ, ಇಷ್ಟನ್ನು ಆಡುಮಾತಿನಲ್ಲಿ ಬರೆಯಿರಿ. ಬೆಂಗಳೂರಿನ ಬೇಗೂರಿನ ನಾಗೇಶ್ವರ ಗುಡಿಯಲ್ಲಿರುವ ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ ‘ಬೆಂಗಳೂರ ಕಾಳಗ’ದ ಮಾತು ಬರುತ್ತದೆ. ಬೆಂಗಳೂರು ಎಂಬ ಹೆಸರು ಅಷ್ಟು ಹಳೆಯದು ಎಂದು ಗೊತ್ತಾದದ್ದು ಆ ಕಾಳಗದಲ್ಲಿ ಸತ್ತ ಒಬ್ಬ ಸೇವಕನ ಕಲ್ಲಿನಿಂದ.

ಪಟ್ಟಿ ಮತ್ತು ಫೋಟೊಗಳ ಒಂದೊಂದು ಪ್ರತಿ ಶಾಲೆಯಲ್ಲಿ, ಪಂಚಾಯಿತಿ ಗ್ರಂಥಾಲಯದಲ್ಲಿ, ಬಳಗದ ಹಾರ್ಡ್ ಡಿಸ್ಕ್‌ನಲ್ಲಿ ಇರಲಿ. ವರ್ಷಕ್ಕೊಮ್ಮೆ ಅದೇ ಪಟ್ಟಿ ಹಿಡಿದು ಒಂದು ಸುತ್ತು ಹಾಕಿ. ಬೇಸಿಗೆ ಒಳ್ಳೆಯದು. ಕೆರೆ ಬತ್ತಿದಾಗ ತೂಬಿನ ಹತ್ತಿರದ ಕಲ್ಲುಗಳೂ ನೋಡಲು ಸಿಗುತ್ತವೆ.