ಫ್ಲ್ಯಾಟಿನಲ್ಲಿ ಕಾಕರ್ ಸ್ಪ್ಯಾನಿಯಲ್: ಮೊದಲು ಮೂಗಿಗೆ ಕೆಲಸ ಕೊಡಿ

ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಕಾಕರ್ ಸ್ಪ್ಯಾನಿಯಲ್ ನಾಯಿ ಸಾಕೋಕಾಗುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ಖಂಡಿತ ಆಗುತ್ತೆ. ಮನೆ ಚಿಕ್ಕದಾದರೆ ತೊಂದರೆ ಇಲ್ಲ, ಅದರ ಮೂಗು ಖಾಲಿ ಕೂತರೆ ತೊಂದರೆ. ಪೊದೆಯಲ್ಲಿ ಅಡಗಿದ ಹಕ್ಕಿಗಳನ್ನು ಮೂಸಿ ಎಬ್ಬಿಸಲೆಂದು ಇಂಗ್ಲೆಂಡಿನಲ್ಲಿ ಬೆಳೆಸಿದ ತಳಿ ಇದು. ದಿನವಿಡೀ ಸುಮ್ನೆ ಇರು ಅಂದರೆ ಚಪ್ಪಲಿ ಕಡಿಯುತ್ತೆ, ಲಿಫ್ಟಿನ ಸದ್ದಿಗೆಲ್ಲ ಬೊಗಳುತ್ತೆ.

ಬೆಳಿಗ್ಗೆ ರಸ್ತೆ ಕಾಯುವ ಮೊದಲೇ ನಮ್ಮ ಚಿನ್ನಿಯನ್ನು ವಾಕಿಂಗಿಗೆ ಕರೆದೊಯ್ಯುತ್ತೇನೆ. ಬೆಲ್ಟ್ ಸಡಿಲ ಬಿಟ್ಟು, ಅವಳು ಮೂಸುವಷ್ಟು ಹೊತ್ತೂ ನಿಲ್ಲುತ್ತೇನೆ. ಹೊಂಗೆ ಮರದ ಬುಡಕ್ಕೆ ಮೂಗು ಊರಿದಳೆಂದರೆ ಬಾಲದ ಜೊತೆ ಸೊಂಟವೂ ಅಲ್ಲಾಡುತ್ತೆ! ಬೇಗ ಬೇಗ ದೂರ ನಡೆಸುವುದಕ್ಕಿಂತ ಹೀಗೆ ಮೂಸಲು ಬಿಟ್ಟರೇ ಅವಳು ಜಾಸ್ತಿ ದಣಿಯುತ್ತಾಳೆ.

ಮಳೆ ಹಿಡಿದ ದಿನ ಹಳೇ ಟವೆಲ್ ಹಾಸಿ, ತಟ್ಟೆಗೆ ಹಾಕಬೇಕಾದ ಡಾಗ್ ಫುಡ್ಡನ್ನೇ ಅದರ ಮೇಲೆ ಉದುರಿಸಿ, ಸುರುಳಿ ಸುತ್ತಿ ಸಡಿಲ ಗಂಟು ಹಾಕುತ್ತೇನೆ. ಕಾಲಲ್ಲಿ ಒತ್ತಿ, ಮೂಗಲ್ಲಿ ಬಿಡಿಸಿ, ಒಂದೊಂದೇ ಕಾಳು ಹುಡುಕಿ ತಿನ್ನುತ್ತಾಳೆ. ನಾವು ಆಫೀಸಿಗೆ ಹೊರಡುವ ಮುಂಚೆಯೂ ಇದೇ ಆಟ. ಆಮೇಲೆ ಮಲಗಿಬಿಡುತ್ತಾಳೆ. ಆದರೆ ಟವೆಲ್ಲನ್ನೇ ಕಡಿದು ನುಂಗುವ ನಾಯಿಗೆ ಇದನ್ನು ಕೊಡಬೇಡಿ.

ಇನ್ನು ಕಿವಿ. ಇಷ್ಟುದ್ದ ಜೋತುಬಿದ್ದ ಕಿವಿಯೊಳಗೆ ಗಾಳಿ ಆಡಲ್ಲ, ಒದ್ದೆ ಉಳಿದರೆ ಸೋಂಕು ಬೇಗ ಹತ್ತುತ್ತೆ. ಊಟದ ಹೊತ್ತಿಗೆ ತುದಿ ಕತ್ತರಿಸಿದ ಕಾಲ್ಚೀಲವನ್ನು ತಲೆಗೆ ಸಡಿಲವಾಗಿ ಏರಿಸಿ ಕಿವಿ ಹಿಂದೆ ಕೂರಿಸುತ್ತೇನೆ, ಬಟ್ಟಲಲ್ಲಿ ಅದ್ದುವುದು ತಪ್ಪುತ್ತೆ. ಊಟ ಮುಗಿದ ಕೂಡಲೇ ತೆಗೆಯುತ್ತೇನೆ. ಇಯರ್‌ಬಡ್ ಮಾತ್ರ ಬೇಡವೇ ಬೇಡ. ಡಾಕ್ಟರು ಕೊಟ್ಟ ದ್ರಾವಣ, ಹತ್ತಿ ಸಾಕು. ಕೆಟ್ಟ ವಾಸನೆ ಬಂದರೆ ಅಥವಾ ಪದೇ ಪದೇ ತಲೆ ಕೊಡವಿದರೆ ನೇರ ಆಸ್ಪತ್ರೆಗೆ. ವಾಕಿಂಗಿನಿಂದ ಬಂದ ಮೇಲೆ ಬೆರಳ ಸಂದಿ, ಕಿವಿಯ ಬುಡದಲ್ಲಿ ಉಣ್ಣಿ ಇದೆಯಾ ಅಂತಲೂ ನೋಡಿ. ನಮ್ಮೂರಲ್ಲಿ ಉಣ್ಣಿ ಜ್ವರ ಕಡಿಮೆಯೇನಲ್ಲ.

ಕಾಕರ್ ಕಣ್ಣಿಗೆ ಕರಗದವರು ಯಾರು? ಆದರೆ ಈ ತಳಿ ಬೇಗ ದಪ್ಪಗಾಗುತ್ತೆ. ವಾಚ್‌ಮನ್ ಅಣ್ಣನಿಗೂ ಪಕ್ಕದ ಮನೆ ಆಂಟಿಗೂ "ಬಿಸ್ಕೆಟ್ ಬೇಡ, ಸೌತೆಕಾಯಿ ಚೂರು ಕೊಡಿ" ಅಂದಿದ್ದೇನೆ. ಸಾಂಬಾರ್ ಅನ್ನವಂತೂ ಕೂಡದು, ಈರುಳ್ಳಿ ನಾಯಿಗೆ ವಿಷ.

ಅಸೋಸಿಯೇಷನ್ ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ, ಲಿಫ್ಟಿಗೂ ಬೇಡ ಅನ್ನುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಆದರೂ ಲಿಫ್ಟಿನಲ್ಲಿ ಯಾರಾದರೂ ಹೆದರಿ ಹಿಂದೆ ಸರಿದರೆ "ನೀವು ಹೋಗಿ, ನಾವು ಆಮೇಲೆ ಬರ್ತೀವಿ" ಅನ್ನುತ್ತೇನೆ. ಅವಳ ಕಕ್ಕ ಎತ್ತಲು ಜೇಬಿನಲ್ಲಿ ಹಳೇ ಪೇಪರ್, ಕವರ್ ಯಾವಾಗಲೂ ಇರುತ್ತೆ.