ಗೂಗಲ್‌ನಲ್ಲಿ ನಮ್ಮ ರಿಪೇರಿ ಸರ್ವೀಸ್ ಸಿಗುವಂತೆ ಮಾಡಿದ್ದು ಹೇಗೆ: ನನ್ನ ಅನುಭವ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮದೊಂದು ಸಣ್ಣ ಸರ್ವೀಸ್ ಇದೆ. ವಾಷಿಂಗ್ ಮಷಿನ್, ಫ್ರಿಜ್ ರಿಪೇರಿ ಮಾಡುತ್ತೇವೆ. ಅಂಗಡಿ ಅಂತ ಇಲ್ಲ, ಮನೆಯ ಶೆಡ್ಡೇ ವರ್ಕ್‌ಶಾಪ್. ಮೊದಲೆಲ್ಲ ಪರಿಚಯದವರು ಹೇಳಿ ಕೆಲಸ ಬರುತ್ತಿತ್ತು. ಈಗ ಹೊಸ ಗಿರಾಕಿಗಳಲ್ಲಿ ಜಾಸ್ತಿ ಜನ ಗೂಗಲ್‌ನಲ್ಲಿ ಹುಡುಕಿಯೇ ಫೋನ್ ಮಾಡುತ್ತಾರೆ. ಜಾಹೀರಾತಿಗೆ ದುಡ್ಡು ಹಾಕಿಲ್ಲ. ಪ್ಲಂಬಿಂಗ್, ವೈರಿಂಗ್, ಆರ್‌ಓ ಸರ್ವೀಸ್ ಮಾಡುವ ಗೆಳೆಯರು ಇದನ್ನು ಹೇಗೆ ಮಾಡಿದೆ ಅಂತ ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆದೆ.

ಮಷಿನ್ ನಿಂತುಹೋದಾಗ ಜನ ಫೋನ್ ತೆಗೆದು ಹುಡುಕಿದರೆ ಮೇಲೆ ಮ್ಯಾಪ್ ಬರುತ್ತದೆ, ಅದರ ಕೆಳಗೆ ಮೂರು ಹೆಸರು. ಬಹಳ ಜನ ಆ ಮೂರರಲ್ಲೇ ಒಬ್ಬರಿಗೆ ಫೋನ್ ಮಾಡಿಬಿಡುತ್ತಾರೆ. ಅಲ್ಲಿ ಯಾರನ್ನು ತೋರಿಸಬೇಕು ಅಂತ ನಿರ್ಧರಿಸಲು ಗೂಗಲ್ ಮುಖ್ಯವಾಗಿ ಮೂರು ವಿಷಯ ನೋಡುತ್ತದೆ. ಹುಡುಕಿದ್ದಕ್ಕೂ ನಿಮ್ಮ ಕೆಲಸಕ್ಕೂ ಎಷ್ಟು ಹೊಂದುತ್ತದೆ, ನೀವು ಎಷ್ಟು ಹತ್ತಿರ ಇದ್ದೀರಿ, ನಿಮಗೆ ಎಷ್ಟು ಹೆಸರಿದೆ. ಇದನ್ನು ಗೂಗಲ್ಲೇ ಬರೆದು ಹೇಳಿದೆ. ದೂರ ನಮ್ಮ ಕೈಯಲ್ಲಿಲ್ಲ. ಉಳಿದ ಎರಡರ ಮೇಲೆ ನಾನು ಕೆಲಸ ಮಾಡಿದೆ.

ಶುರುವಾಗಿದ್ದು ಗೂಗಲ್ ಬಿಸಿನೆಸ್ ಪ್ರೊಫೈಲ್‌ನಿಂದ, ಅಂದರೆ ಮ್ಯಾಪ್‌ನಲ್ಲಿ ನಮ್ಮ ಹೆಸರು, ನಂಬರ್, ರಿವ್ಯೂ ತೋರಿಸುವ ಪುಟದಿಂದ. ಇದಕ್ಕೆ 2021ರವರೆಗೂ ಗೂಗಲ್ ಮೈ ಬಿಸಿನೆಸ್ ಅನ್ನೋ ಹೆಸರಿತ್ತು. ಪೂರ್ತಿ ಉಚಿತ. ಗಿರಾಕಿಗಳು ನಮ್ಮಲ್ಲಿಗೆ ಬರುವುದಿಲ್ಲ, ನಾವೇ ಅವರ ಮನೆಗೆ ಹೋಗುತ್ತೇವೆ, ಅಲ್ವಾ? ಅಂಥವರು ವಿಳಾಸವನ್ನು ಮರೆಮಾಡಿ, ಕೆಲಸ ಮಾಡುವ ಏರಿಯಾಗಳನ್ನು ಮಾತ್ರ ತೋರಿಸಬೇಕು. 20 ಏರಿಯಾಗಳವರೆಗೆ ಸೇರಿಸಬಹುದು. ನಾನು ಸರಸ್ವತಿಪುರಂ, ರಾಮಕೃಷ್ಣನಗರ, ದಟ್ಟಗಳ್ಳಿ, ಜೆ.ಪಿ. ನಗರ ಹೀಗೆ ನಿಜವಾಗಿ ಹೋಗುವ ಕಡೆಗಳನ್ನಷ್ಟೇ ಹಾಕಿದೆ. ಮಂಡ್ಯ, ಹುಣಸೂರು ಎಲ್ಲ ಸೇರಿಸಿದರೆ ಅಲ್ಲೂ ಮೇಲೆ ಬರಬಹುದು ಅಂತ ಕೆಲವರು ಅಂದುಕೊಳ್ಳುತ್ತಾರೆ. ನಾನು ಕಂಡ ಹಾಗೆ ಈ ಪಟ್ಟಿ ಉದ್ದವಾದರೆ ಜಾಗ ಮೇಲೇರುವುದಿಲ್ಲ.

ವೆರಿಫಿಕೇಶನ್‌ಗೆ ವಿಡಿಯೊ ಕೇಳಿದರು. ಅದನ್ನು ಎಡಿಟ್ ಮಾಡದೆ ಒಂದೇ ಸಲಕ್ಕೆ ತೆಗೆಯಬೇಕು. ರಸ್ತೆಯ ಬೋರ್ಡಿನಿಂದ ಶುರು ಮಾಡಿ, ಶೆಡ್ಡಿನ ಬೀಗ ತೆಗೆದು, ಒಳಗಿನ ಟೂಲ್ಸ್, ಬಿಚ್ಚಿಟ್ಟ ಮೋಟರ್, ಬಿಲ್ ಬುಕ್ ಎಲ್ಲ ತೋರಿಸಿದೆ. ಕೆಲಸ ನಿಜ, ಜಾಗ ನಿಜ, ನಡೆಸುತ್ತಿರುವವರು ನೀವೇ. ಇಷ್ಟು ಅವರಿಗೆ ಗೊತ್ತಾಗಬೇಕು.

ಹೆಸರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಬೋರ್ಡಿನ ಮೇಲೆ, ಬಿಲ್ಲಿನ ಮೇಲೆ ಇರುವ ಹೆಸರೇ ಪ್ರೊಫೈಲ್‌ನಲ್ಲೂ ಇರಬೇಕು. ‘ಬೆಸ್ಟ್ ವಾಷಿಂಗ್ ಮಷಿನ್ ರಿಪೇರಿ ಮೈಸೂರು’ ಅಂತ ಬಾಲ ಸೇರಿಸಿಕೊಳ್ಳುವವರು ತುಂಬಾ ಇದ್ದಾರೆ. ಅದು ನಿಯಮಕ್ಕೆ ವಿರುದ್ಧ. ಪ್ರೊಫೈಲ್ ಸಸ್ಪೆಂಡ್ ಆದರೆ ರಿವ್ಯೂಗಳೂ ಕಾಣಿಸದಂತಾಗುತ್ತವೆ. ಕಂಪನಿಯ ಸರ್ವೀಸ್ ಸೆಂಟರ್ ಅಂತ ಸುಳ್ಳು ಹೆಸರಿಟ್ಟುಕೊಂಡವರೂ ಮ್ಯಾಪ್‌ನಲ್ಲಿ ಸಿಗುತ್ತಾರೆ. ಅವರಿಂದ ಮೋಸ ಹೋಗಿ ಆಮೇಲೆ ನಮ್ಮ ಹತ್ತಿರ ಬಂದ ಗಿರಾಕಿಗಳನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗಿದೆ. ಅಂಥ ಹೆಸರು ಕಂಡಾಗ ಮ್ಯಾಪ್‌ನಲ್ಲೇ ತಿದ್ದುಪಡಿ ಸೂಚಿಸುವ ಜಾಗ ಇದೆ, ನಾನು ಅದನ್ನು ಬಳಸುತ್ತೇನೆ.

ಕ್ಯಾಟಗರಿಯಲ್ಲಿ ಒಂದು ಮುಖ್ಯವಾದದ್ದು, ಅದರ ಜೊತೆಗೆ ಒಂಬತ್ತರವರೆಗೆ ಬೇರೆಯವು ಹಾಕಬಹುದು. ನಮಗೆ ಜಾಸ್ತಿ ಬರುವುದು ವಾಷಿಂಗ್ ಮಷಿನ್ ಕೆಲಸ. ಹಾಗಾಗಿ ಅದನ್ನೇ ಮುಖ್ಯ ಮಾಡಿ, ಫ್ರಿಜ್ ರಿಪೇರಿಯನ್ನು ಎರಡನೆಯದಾಗಿ ಇಟ್ಟೆ. ಮಾಡದ ಕೆಲಸ ಯಾವುದೂ ಪಟ್ಟಿಯಲ್ಲಿ ಇಲ್ಲ.

ಇನ್ನು ವೆಬ್‌ಸೈಟ್. ಪ್ರೊಫೈಲ್ ಜೊತೆಗೆ ಗೂಗಲ್ ಪುಕ್ಕಟೆ ಕೊಡುತ್ತಿದ್ದ ಒಂದು ಪುಟದ ಸೈಟುಗಳನ್ನು 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಸ್ವಂತ ಡೊಮೈನ್, ಅಂದರೆ ನಮ್ಮದೇ ವೆಬ್ ವಿಳಾಸ, ಇರಲೇಬೇಕು ಅಂತ ನಾನು ಹೇಳುವುದು ಇದಕ್ಕೇ. ನಮ್ಮ ಸೈಟ್ ತೀರಾ ಸರಳ. ಫೋನಿನಲ್ಲಿ ಬೇಗ ತೆರೆದುಕೊಳ್ಳುತ್ತದೆ, ಕೆಳಗಡೆ ಕರೆ ಮಾಡುವ ಬಟನ್ನು, ಪಕ್ಕದಲ್ಲಿ ವಾಟ್ಸಾಪ್. ವಿಸಿಟಿಂಗ್ ಚಾರ್ಜ್ ಎಷ್ಟು ಅಂತ ಪ್ರತಿ ಪುಟದ ಮೇಲ್ಗಡೆಯೇ ಇದೆ. ಅದನ್ನು ಮುಚ್ಚಿಟ್ಟರೆ ಬಾಗಿಲಲ್ಲಿ ಜಗಳ ಗ್ಯಾರಂಟಿ.

ಪುಟಗಳಲ್ಲಿ ಏನು ಬರೆಯಬೇಕು ಅನ್ನುವುದಕ್ಕೆ ನಾನು ಯಾವ ಸಾಫ್ಟ್‌ವೇರನ್ನೂ ಕೊಳ್ಳಲಿಲ್ಲ. ಫೋನ್ ಪಕ್ಕ ಒಂದು ನೋಟ್‌ಬುಕ್ ಇಟ್ಟೆ. ಕರೆ ಬಂದಾಗ ಅವರ ಮೊದಲ ಮಾತನ್ನು ಹಾಗೇ ಬರೆದುಕೊಂಡೆ. ‘ಅಣ್ಣ, ಮಷಿನ್ ನೀರು ಹೊರಗೆ ಬಿಡ್ತಿಲ್ಲ.’ ‘ಸ್ಪಿನ್ ಆಗುವಾಗ ದಡಬಡ ಸದ್ದು ಬರುತ್ತೆ.’ ‘ಏನಪ್ಪಾ, ಫ್ರಿಜ್ಜಿನ ತರಕಾರಿ ಟ್ರೇ ಕೆಳಗೆ ನೀರು ನಿಲ್ತಾ ಇದೆ.’ ಯಾರೂ ‘ಡ್ರೈನ್ ಪಂಪ್ ಕೆಟ್ಟಿದೆ’ ಅಂತ ಫೋನ್ ಮಾಡುವುದಿಲ್ಲ. ಗೂಗಲ್‌ನಲ್ಲೂ ಹಾಗೆ ಹುಡುಕುವುದಿಲ್ಲ. ಮತ್ತೆ ಮತ್ತೆ ಬಂದ ದೂರುಗಳನ್ನು ಆರಿಸಿ, ಒಂದೊಂದಕ್ಕೂ ಒಂದು ಪುಟ ಮಾಡಿದೆ. ತಲೆಬರಹ ಗಿರಾಕಿಯ ಮಾತಿನಲ್ಲೇ ಇರುತ್ತದೆ. ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು. ಇಂಗ್ಲಿಷಿನಲ್ಲಿ ಊರಿನ ಹೆಸರು 2014ರಲ್ಲೇ ಅಧಿಕೃತವಾಗಿ Mysuru ಆದರೂ, ಟೈಪ್ ಮಾಡುವವರು ಹಳೆಯ Mysore ಸ್ಪೆಲಿಂಗ್ ಬಿಟ್ಟಿಲ್ಲ. ಇಂಗ್ಲಿಷ್ ಪುಟಗಳಲ್ಲಿ ಎರಡೂ ಸಹಜವಾಗಿ ಬರುವಂತೆ ನೋಡಿಕೊಂಡೆ.

ಒಳಗೆ ನಿಜವಾದ ವಿಷಯ ಇರಬೇಕು. ಮುಂದೆ ಬಾಗಿಲಿರುವ ಮಷಿನ್ ನೀರು ಬಿಡದಿದ್ದರೆ, ಬಹಳ ಸಲ ಕೆಳಗಿನ ಫಿಲ್ಟರ್‌ನಲ್ಲಿ ನಾಣ್ಯ, ಗುಂಡಿ, ಹೇರ್‌ಪಿನ್ ಸಿಕ್ಕಿಕೊಂಡಿರುತ್ತದೆ. ಸ್ವಿಚ್ ಆಫ್ ಮಾಡಿ ಅದನ್ನು ತೆಗೆಯುವುದು ಹೇಗೆ ಅಂತ ಫೋಟೊ ಹಾಕಿ ಬರೆದೆ. ತರಕಾರಿ ಟ್ರೇ ಕೆಳಗೆ ನೀರು ನಿಂತರೆ ಹಿಂದಿನ ಗೋಡೆಯ ನೀರು ಹೋಗುವ ತೂತು ಕಟ್ಟಿಕೊಂಡಿದೆಯಾ ನೋಡಿ ಅಂತ ಬರೆದೆ. ಹೀಗೆ ಹೇಳಿಕೊಟ್ಟರೆ ನಮಗೇ ಕೆಲಸ ತಪ್ಪುತ್ತದಲ್ಲ ಅಂತ ಹುಡುಗರು ಕೇಳಿದರು. ಫಿಲ್ಟರ್ ತಾವೇ ತೆಗೆದುಕೊಂಡವರು ಮುಂದೆ ಬೇರಿಂಗ್ ಹೋದಾಗ ನಮಗೇ ಫೋನ್ ಮಾಡಿದರು.

ಜನ ಜಾಸ್ತಿ ಓದುವ ಪುಟ ಫ್ರಿಜ್ ಗ್ಯಾಸಿನದು. ‘ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು’ ಅಂತ ಹೇಳಿ ದುಡ್ಡು ತೆಗೆದುಕೊಂಡು ಹೋಗುವುದು ನಮ್ಮ ಕಸುಬಿನಲ್ಲಿ ಹಳೆಯ ರೋಗ. ಫ್ರಿಜ್ಜಿನ ಗ್ಯಾಸ್ ತಾನಾಗಿ ಖರ್ಚಾಗುವುದಿಲ್ಲ. ಅದು ಮುಚ್ಚಿದ ಪೈಪಿನೊಳಗೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಸೋರುವ ಜಾಗ ಹುಡುಕಿ ಮುಚ್ಚದೆ ತುಂಬಿಸಿದರೆ ಮತ್ತೆ ಖಾಲಿಯಾಗುತ್ತದೆ. ಹೊಸ ಫ್ರಿಜ್‌ಗಳಲ್ಲಿ ಸಾಮಾನ್ಯವಾಗಿರುವ ಆರ್600ಎ ಗ್ಯಾಸಿಗೆ ಬೆಂಕಿ ಹತ್ತಿಕೊಳ್ಳುತ್ತದೆ, ಗೊತ್ತಿಲ್ಲದವರು ಮುಟ್ಟಬಾರದು. ಈ ಪುಟ ಓದಿ ಫೋನ್ ಮಾಡುವವರು ನಮ್ಮನ್ನು ಮೊದಲೇ ನಂಬಿರುತ್ತಾರೆ. ರೇಟಿನ ಚೌಕಾಸಿ ಕಡಿಮೆ.

ಏರಿಯಾಗೊಂದು ಪುಟ ಮಾಡಿ ಅಂತ ಹೇಳುವವರಿದ್ದಾರೆ. ಬಡಾವಣೆಯ ಹೆಸರನ್ನಷ್ಟೇ ಬದಲಾಯಿಸಿ ಅದೇ ಪುಟವನ್ನು ಹತ್ತು ಸಲ ಹಾಕಿದರೆ ಗೂಗಲ್ ಅದನ್ನು ಸ್ಪ್ಯಾಮ್ ಅಂತ ಎಣಿಸುತ್ತದೆ. ಓದುವವರಿಗೂ ಅದರಿಂದ ಏನೂ ಸಿಗುವುದಿಲ್ಲ. ಹೇಳಲು ಬೇರೆ ವಿಷಯ ಇದ್ದ ಕಡೆಗೆ ಮಾತ್ರ ನಾನು ಪುಟ ಮಾಡಿದೆ. ಬೋಗಾದಿ ಕಡೆ ಬೋರ್ ನೀರು ಬಳಸುವ ಮನೆಗಳಲ್ಲಿ ನಲ್ಲಿಯಿಂದ ಮಷಿನ್‌ಗೆ ನೀರು ಹೋಗುವ ಬಾಯಲ್ಲಿನ ಜಾಲರಿಗೆ ಮರಳು ಕಟ್ಟುತ್ತದೆ, ಗಡಸು ನೀರಿನಿಂದ ಹೀಟರ್ ಮೇಲೆ ಬಿಳಿ ಪದರ ಕೂರುತ್ತದೆ. ಅಲ್ಲಿನವರಿಗೆ ಇದು ಉಪಯೋಗದ ಮಾತು.

ರಿವ್ಯೂ ಕೇಳುವುದಕ್ಕೆ ಸರಿಯಾದ ಹೊತ್ತು, ಮಷಿನ್ ಮತ್ತೆ ತಿರುಗಿದ್ದನ್ನು ಗಿರಾಕಿ ಕಣ್ಣಾರೆ ನೋಡಿದ ಹೊತ್ತು. ‘ಅಕ್ಕ, ಏನಾಗಿತ್ತು, ಏನು ಮಾಡಿಕೊಟ್ವಿ ಅಂತ ನಿಮ್ಮ ಮಾತಲ್ಲೇ ಎರಡು ಸಾಲು ಬರೆಯಿರಿ, ಕನ್ನಡದಲ್ಲೇ ಬರೆದರೂ ಆಯ್ತು’ ಅಂತ ಹೇಳಿ ಅಲ್ಲೇ ನಿಂತು ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸುತ್ತೇನೆ. ರಿವ್ಯೂ ಬರೆದರೆ ನೂರು ರೂಪಾಯಿ ಬಿಡ್ತೀನಿ ಅನ್ನುವ ಹಾಗಿಲ್ಲ, ಗೂಗಲ್ ಅದಕ್ಕೆ ಒಪ್ಪುವುದಿಲ್ಲ. ಖುಷಿಯಾದವರನ್ನು ಮಾತ್ರ ಆರಿಸಿ ಕೇಳುವುದೂ ನಿಯಮಕ್ಕೆ ವಿರುದ್ಧ. ನಾನು ಎಲ್ಲರನ್ನೂ ಕೇಳುತ್ತೇನೆ. ಸುಮ್ನೆ ಐದು ಸ್ಟಾರ್ ಒತ್ತಿ ಬಿಡುವುದಕ್ಕಿಂತ ‘ದಟ್ಟಗಳ್ಳಿಗೆ ಅದೇ ದಿನ ಬಂದು ಡ್ರೈನ್ ಸರಿ ಮಾಡಿದರು’ ಅನ್ನುವ ಸಾಲು ನಮಗೆ ದೊಡ್ಡದು. ಯಾರಾದರೂ ಅದೇ ತೊಂದರೆ ಹುಡುಕಿದಾಗ ಗೂಗಲ್ ಕೆಲವೊಮ್ಮೆ ಆ ಸಾಲನ್ನೇ ನಮ್ಮ ಹೆಸರಿನ ಕೆಳಗೆ ತೋರಿಸುತ್ತದೆ. ಬಂದ ಪ್ರತಿ ರಿವ್ಯೂಗೂ ಉತ್ತರ ಬರೆಯುತ್ತೇನೆ, ಬೈದವರಿಗೂ.

ಸಮಯವನ್ನೂ ಸರಿಯಾಗಿ ಇಡಬೇಕು. 24 ಗಂಟೆ ತೆರೆದಿದೆ ಅಂತ ಹಾಕಿ ರಾತ್ರಿ ಫೋನ್ ಎತ್ತದಿದ್ದರೆ ಏನು ಪ್ರಯೋಜನ? ಆಯುಧಪೂಜೆಯ ದಿನ ಟೂಲ್ಸ್ ಎಲ್ಲ ಪೂಜೆಗೆ ಇಟ್ಟಿರುತ್ತೇವೆ, ಆ ದಿನ ರಜೆ ಅಂತ ಮೊದಲೇ ಹಾಕಿಬಿಡುತ್ತೇನೆ.

ನಾವು ಎಷ್ಟನೆಯವರು ಅಂತ ಮನೆಯಲ್ಲಿ ಕೂತು ಹುಡುಕಿ ನೋಡಿದರೆ ಯಾವಾಗಲೂ ಮೇಲೇ ಕಾಣುತ್ತೇವೆ, ಯಾಕೆಂದರೆ ನಾವೇ ಅಲ್ಲಿದ್ದೇವೆ. ಕೆಲಸಕ್ಕೆ ಹೋದ ಕಡೆ ಗಾಡಿ ನಿಲ್ಲಿಸಿ ಹುಡುಕುವುದು ನನ್ನ ಅಭ್ಯಾಸ. ಸರಸ್ವತಿಪುರಂನಲ್ಲಿ ಮ್ಯಾಪ್‌ನ ಮೂರರಲ್ಲಿ ಇರುತ್ತೇವೆ. ಊರಿನ ಆಚೆ ತುದಿಯ ಹೆಬ್ಬಾಳಕ್ಕೆ ಹೋದರೆ ಇರುವುದಿಲ್ಲ. ಅಲ್ಲಿ ನಮ್ಮನ್ನು ಮುಟ್ಟಿಸುವುದು ಮ್ಯಾಪ್‌ನ ಕೆಳಗೆ ಬರುವ ಆ ದೂರಿನ ಪುಟಗಳು. ಯಾವ ಮಾತು ಹುಡುಕಿ ಬಂದರು ಅನ್ನುವುದು ಗೂಗಲ್‌ನ ಸರ್ಚ್ ಕನ್ಸೋಲ್ ಅನ್ನೋ ಟೂಲಿನಲ್ಲಿ ಸಿಗುತ್ತದೆ, ಅದೂ ಉಚಿತ. ಜೊತೆಗೆ ಫೋನ್ ಮಾಡಿದವರನ್ನೇ ಕೇಳುತ್ತೇವೆ: ‘ನಮ್ಮ ನಂಬರ್ ಎಲ್ಲಿ ಸಿಕ್ತು?’

‘ಮೊದಲ ಸ್ಥಾನ ಗ್ಯಾರಂಟಿ’ ಅಂತ ಫೋನ್ ಮಾಡುವ ಏಜೆಂಟರು ನಿಮಗೂ ಸಿಗುತ್ತಾರೆ. ಅಂಥ ಗ್ಯಾರಂಟಿ ಯಾರೂ ಕೊಡಲಾಗದು ಅಂತ ಗೂಗಲ್ಲೇ ಹೇಳಿದೆ. ಕೆಲಸದ ಒತ್ತಡದಲ್ಲಿ ಬೇರೆಯವರಿಗೆ ಒಪ್ಪಿಸಲೇಬೇಕಾದರೆ, ಪ್ರೊಫೈಲ್‌ನ ಓನರ್ ನಿಮ್ಮ ಸ್ವಂತ ಜಿಮೇಲ್ ಆಗಿರಲಿ, ಅವರನ್ನು ಮ್ಯಾನೇಜರ್ ಅಂತ ಮಾತ್ರ ಸೇರಿಸಿ. ಡೊಮೈನ್ ಕೂಡ ನಿಮ್ಮ ಹೆಸರಿನಲ್ಲೇ ಇರಬೇಕು. ಆಗ ಅವರ ಜೊತೆ ಸರಿಹೋಗದಿದ್ದರೂ ರಿವ್ಯೂ, ಫೋಟೊ, ಪುಟಗಳೆಲ್ಲ ನಿಮ್ಮ ಹತ್ತಿರವೇ ಉಳಿಯುತ್ತವೆ.