ಅಂಗನವಾಡಿ ಟೀಚರಿಗೂ ಸ್ಕಾಲರ್‌ಶಿಪ್ ಉಂಟು: ನನ್ನ ಅನುಭವ

"ನೀವು ಸರ್ಕಾರಿ ಕೆಲಸದಲ್ಲಿ ಇದ್ದೀರಲ್ಲ ಟೀಚರೇ, ನಿಮಗೆ ಎಂತ ಸ್ಕಾಲರ್‌ಶಿಪ್?" ಒಂದು ಕಚೇರಿಯಲ್ಲಿ ಹೀಗೆ ಹೇಳಿದ್ದನ್ನು ನಂಬಿ ಮೊದಲ ವರ್ಷ ನಾನು ಅರ್ಜಿಯನ್ನೇ ಹಾಕಲಿಲ್ಲ. ಬಿ.ಎ. ಶುಲ್ಕ ಕಟ್ಟಿದ್ದು ಸ್ತ್ರೀಶಕ್ತಿ ಸಂಘದ ಸಾಲದಿಂದ.

ಪಡುಬಿದ್ರಿ ಹತ್ತಿರದ ಅಂಗನವಾಡಿಯಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಓದು ಪಿಯುಸಿಗೇ ನಿಂತಿತ್ತು. ಮೇಲ್ವಿಚಾರಕಿ ಹುದ್ದೆಗೆ ಪದವಿ ಬೇಕೆಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಸೇರಿದೆ. ಭಾನುವಾರ ಎಕ್ಸ್‌ಪ್ರೆಸ್ ಬಸ್ಸು ಹತ್ತಿ ಮಂಗಳೂರಿನ ತರಗತಿ, ಉಳಿದ ದಿನ ಅಂಗನವಾಡಿಯ ಲೆಕ್ಕ ಹಾಕುವ ಮೊಬೈಲ್ ಆ್ಯಪ್ ಪೋಷಣ್ ಟ್ರ್ಯಾಕರ್ ತುಂಬಿಸಿ ಮುಗಿದ ಮೇಲೆ ರಾತ್ರಿಯ ಓದು.

ಎರಡನೇ ವರ್ಷ ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ನಿಯಮವನ್ನು ನಾನೇ ಕೂತು ಓದಿದೆ. ಕೆಲಸ ಮಾಡುವವರಿಗೆ ಕೊಡಬಾರದೆಂದು ಅದರಲ್ಲಿ ಎಲ್ಲೂ ಇಲ್ಲ. ನೋಡುವುದು ಕುಟುಂಬದ ಆದಾಯವನ್ನು: ವರ್ಷಕ್ಕೆ 2.5 ಲಕ್ಷ ಮೀರಬಾರದು. ದುಡಿಯುವವರಿಗೆ ನಿರ್ವಹಣಾ ಭತ್ಯೆ, ಅಂದರೆ ಓದುವಾಗಿನ ಕೈಖರ್ಚಿನ ಹಣ ಇಲ್ಲ, ಕಡ್ಡಾಯವಾಗಿ ಕಟ್ಟಬೇಕಾದ, ವಾಪಸು ಬಾರದ ಶುಲ್ಕ ಮಾತ್ರ ಸಿಗುತ್ತದೆ. ನನಗೆ ಬೇಕಿದ್ದದ್ದೂ ಅಷ್ಟೇ.

ಇನ್ನು 'ಸರ್ಕಾರಿ ಕೆಲಸ'ದ ಮಾತು. ನಮಗೆ ಬರುವುದು ಸಂಬಳವಲ್ಲ, ಗೌರವಧನ. ನಮ್ಮದು ಸಿವಿಲ್ ಹುದ್ದೆ, ಅಂದರೆ ಸರ್ಕಾರಿ ನೌಕರಿಯಲ್ಲ ಎಂದು ಕರ್ನಾಟಕದ್ದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಕೆಲಸ ಬಿಡುವಾಗ ಸಿಗುವ ಇಡುಗಂಟು, ಗ್ರಾಚ್ಯುಟಿಗೆ ನಾವು ಅರ್ಹರು ಎಂದು ಅದೇ ಕೋರ್ಟ್ ಹೇಳಲು 2022 ಬರಬೇಕಾಯಿತು. ಸೌಲಭ್ಯ ಕೇಳುವಾಗ ಸರ್ಕಾರಿ ನೌಕರರಲ್ಲ, ಸ್ಕಾಲರ್‌ಶಿಪ್ ಕೇಳುವಾಗ ಸರ್ಕಾರಿ ನೌಕರರು ಎಂದರೆ ಹೊಟ್ಟೆ ಉರಿಯುತ್ತದೆ.

ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಡುವಾಗ ಗಂಡನ ಗಾರೆ ಕೆಲಸದ ದುಡಿಮೆ, ನನ್ನ ಗೌರವಧನ ಎರಡನ್ನೂ ಬರೆಸಿದೆ. ಮಳೆಗಾಲದಲ್ಲಿ ಅವರಿಗೆ ಕೆಲಸ ಕಡಿಮೆ, ಹಾಗಾಗಿ ಮಿತಿಯೊಳಗೇ ಬಂತು. ಗೌರವಧನ ಬಿಟ್ಟು ಬರೆಸಿ ಎಂದವರೂ ಇದ್ದರು. ದಯವಿಟ್ಟು ಹಾಗೆ ಮಾಡಬೇಡಿ, ಬ್ಯಾಂಕಿಗೆ ಬರುವ ಹಣ ಅದು.

ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿಯಲ್ಲಿ ಜಾತಿ, ಆದಾಯ ಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆ ಹಾಕಿದರೆ ಸಾಕು, ವಿವರ ತಾನಾಗಿ ಬರುತ್ತದೆ. ನಾನು ಸಿಕ್ಕಿಬಿದ್ದದ್ದು ಹೆಸರಿನಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅಪ್ಪನ ಇನಿಶಿಯಲ್, ಆಧಾರಿನಲ್ಲಿ ಮದುವೆಯ ನಂತರದ ಹೆಸರು. ಆಧಾರ್ ತಿದ್ದಿಸಿ ಬರುವಷ್ಟರಲ್ಲಿ ಕೊನೆಯ ದಿನಾಂಕಕ್ಕೆ ನಾಲ್ಕೇ ದಿನ ಉಳಿದಿತ್ತು. ಮದುವೆಯಾದವರು ಮೊದಲು ಇದನ್ನು ನೋಡಿಕೊಳ್ಳಿ.

ಮಂಜೂರಾದ ಮೇಲೂ ದುಡ್ಡು ಕಾಣಲಿಲ್ಲ. ಗೌರವಧನ ಬರುವ ಖಾತೆಯನ್ನೇ ದಿನಾ ನೋಡುತ್ತಿದ್ದೆ. ಹಣ ಹೋಗುವುದು ಆಧಾರ್ ಜೋಡಣೆಯಾದ ಖಾತೆಗೆ. ನನ್ನದು ಯಾವಾಗಲೋ ಗ್ಯಾಸ್ ಸಬ್ಸಿಡಿಗೆಂದು ತೆರೆದ ಇನ್ನೊಂದು ಬ್ಯಾಂಕಿಗೆ ಜೋಡಣೆಯಾಗಿತ್ತು. ಹಣ ಅಲ್ಲಿ ಬಂದು ಕೂತಿತ್ತು. ಅದರಲ್ಲಿ ಮೊದಲು ತೀರಿಸಿದ್ದು ಸಂಘದ ಸಾಲದ ಬಾಕಿ.

ಈಗ ಹೆಜಮಾಡಿ ಕಡೆಯ ಟೀಚರೊಬ್ಬರು ಕೇಳುತ್ತಿದ್ದಾರೆ. ಅವರದು ಬಿ.ಕಾಂ. ಆಗಿದೆ. ಒಂದು ಪದವಿ ಮುಗಿಸಿ ಅದೇ ಹಂತದ ಇನ್ನೊಂದಕ್ಕೆ ಸೇರಿದರೆ ಈ ವಿದ್ಯಾರ್ಥಿವೇತನ ಇಲ್ಲ. "ಬಿ.ಎ. ಬೇಡ ಅಕ್ಕ, ಎಂ.ಎ.ಗೆ ಸೇರಿ" ಎಂದಿದ್ದೇನೆ. ನಾಳೆ ಸಂಜೆ ಕೇಂದ್ರ ಮುಚ್ಚಿದ ಮೇಲೆ ಅಂಕಪಟ್ಟಿ, ಆಧಾರ್ ಹಿಡಿದುಕೊಂಡು ಬರುತ್ತಾರೆ. ಮೊದಲು ಹೆಸರು ನೋಡಬೇಕು.